ಓದುಗರ ಪ್ರಶ್ನೆ: ಪತ್ರರಂಧ್ರ ನೋಡಿ ಜರೀಗಿಡ ಗುರುತಿಸಬಹುದೇ?

ಪ್ರಶ್ನೆ: ಬಿ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮ ಕಾಫಿ ತೋಟದ ಜರೀಗಿಡಗಳನ್ನು (ಫರ್ನ್) ಪತ್ರರಂಧ್ರದ, ಅಂದರೆ ಎಲೆಯ ಮೈಮೇಲೆ ಗಾಳಿಯಾಡುವ ಸೂಕ್ಷ್ಮ ರಂಧ್ರದ ಆಧಾರದಲ್ಲಿ ವಿಂಗಡಿಸುತ್ತಿದ್ದೇನೆ. ಎಲೆಗೆ ನೇಲ್ ಪಾಲಿಶ್ ಬಳಿದು ಎಬ್ಬಿಸುವ ಅಚ್ಚು ಕೆಲವು ಎಲೆಗಳಲ್ಲಿ ಸ್ಪಷ್ಟವಾಗಿ ಬರುತ್ತದೆ, ಕೆಲವದರಲ್ಲಿ ಬರೀ ಮಸುಕು. ಪತ್ರರಂಧ್ರ ಒಂದರಿಂದಲೇ ಪ್ರಭೇದ ಹೇಳಬಹುದೇ?
– ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ಹೇಳಲಾಗದು. ಕುಟುಂಬ, ಕುಲದ ಊಹೆಗೆ ಅದು ಒಳ್ಳೆಯ ಸಾಕ್ಷಿ. ಪ್ರಭೇದಕ್ಕೆ ಬೀಜಕ (ಸ್ಪೋರ್), ಸೋರಸ್ (ಎಲೆಯಡಿಯ ಬೀಜಕ ಚೀಲಗಳ ಗುಂಪು), ರೈಜೋಮಿನ (ಹಬ್ಬುವ ಕಾಂಡದ) ಹುರುಪೆ ಎಲ್ಲವೂ ಬೇಕು.

ಮೊದಲು ಅಚ್ಚಿನ ವಿಷಯ. ಪೂರ್ತಿ ಬಲಿತ ಎಲೆಯನ್ನೇ ಆರಿಸಿ. ಎಳೆ ಎಲೆಯಲ್ಲಿ ರಂಧ್ರಗಳು ಅರೆಬರೆ ಇರುತ್ತವೆ. ಜರೀಗಿಡಗಳಲ್ಲಿ ಪತ್ರರಂಧ್ರ ಸಾಮಾನ್ಯವಾಗಿ ಎಲೆಯ ಕೆಳಮೈಯಲ್ಲಿ ಮಾತ್ರ. ಸೋರಸ್ ಇಲ್ಲದ ಜಾಗದ ತೇವವನ್ನು ಒತ್ತಿ ತೆಗೆದು, ಬಣ್ಣವಿಲ್ಲದ ಪಾಲಿಶನ್ನು ತೆಳುವಾಗಿ ಒಂದೇ ಸಲ ಬಳಿಯಿರಿ. 15 ನಿಮಿಷ ಒಣಗಿದ ಮೇಲೆ ಪಾರದರ್ಶಕ ಟೇಪಿನಿಂದ ಎಬ್ಬಿಸಿ ಸ್ಲೈಡಿಗೆ ಅಂಟಿಸಿ. ಮಳೆಗಾಲದಲ್ಲಿ ಅಚ್ಚು ಹಾಲಿನಂತೆ ಬೆಳ್ಳಗಾದರೆ ಎಲೆ ಒದ್ದೆಯಿದ್ದಿರಬಹುದು. ದಪ್ಪಗೆ ಬಳಿದರೆ ಗುಳ್ಳೆ ಏಳುತ್ತದೆ.

ನಿಮ್ಮ ಮಸುಕಿಗೆ ರೋಮ ಕಾರಣವಿರಬಹುದು. ಮರದ ಕಾಂಡಕ್ಕೆ ಹಬ್ಬುವ ಪಿರೋಸಿಯಾ ಕುಲದ ಜರೀಗಿಡದ ಎಲೆಯಡಿ ನಕ್ಷತ್ರಾಕಾರದ ರೋಮಗಳು ದಟ್ಟವಾಗಿದ್ದು, ಪಾಲಿಶ್ ಎಲೆಯ ಮೈಯನ್ನೇ ಮುಟ್ಟುವುದಿಲ್ಲ. ಟೇಪಿನಿಂದ ಮೊದಲು ರೋಮ ಕಿತ್ತುಕೊಳ್ಳಿ. ಆ ಟೇಪನ್ನು ಎಸೆಯಬೇಡಿ! ಗುರುತಿಗೆ ಆ ರೋಮವೇ ಪತ್ರರಂಧ್ರಕ್ಕಿಂತ ಗಟ್ಟಿ. ನಂತರ 5 ಮಿ.ಮೀ. ತುಂಡನ್ನು ಸುಮಾರು 4% ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣದಲ್ಲಿ ಬಿಳಿಯಾಗುವವರೆಗೆ ನೆನೆಸಿ. ತೆಳು ಎಲೆಗೆ ಕೆಲವು ಗಂಟೆ, ಚರ್ಮದಂಥ ಎಲೆಗೆ ಒಂದು ರಾತ್ರಿ ಬೇಕಾದೀತು. ಮರೆತುಬಿಟ್ಟರೆ ತುಂಡೇ ಕರಗಿ ಚೂರಾಗುತ್ತದೆ. ಚೆನ್ನಾಗಿ ತೊಳೆದು, 1% ಸಫ್ರಾನಿನ್ ಎಂಬ ಕೆಂಪು ಬಣ್ಣದ್ರಾವಣದಲ್ಲಿ 2–3 ನಿಮಿಷ ಇಟ್ಟು, ಗ್ಲಿಸರಿನ್ ಹಾಕಿ ಕವರ್‌ಸ್ಲಿಪ್ ಮುಚ್ಚಿ. ಬ್ಲೀಚಿಗೆ ಆಮ್ಲ ತಾಗಿಸಬೇಡಿ, ವಿಷಾನಿಲ ಕ್ಲೋರಿನ್ ಏಳುತ್ತದೆ.

ಇನ್ನು ನೋಡಬೇಕಾದ್ದು. ರಂಧ್ರವನ್ನು ತೆರೆದು ಮುಚ್ಚುವ ಜೋಡಿ ಕೋಶಗಳೇ ಕಾವಲು ಕೋಶ, ಅವಕ್ಕೆ ತಾಗಿಕೊಂಡಿರುವುದು ಸಹಾಯಕ ಕೋಶ. ಒಂದೇ ಸಹಾಯಕ ಕೋಶ ಕಾವಲು ಕೋಶಗಳ ಜೋಡಿಯನ್ನು ಸುತ್ತುವರಿದು, ಒಂದು ತುದಿಯನ್ನಷ್ಟೇ ಬಿಟ್ಟಿದ್ದರೆ ಅದು ಪೋಲೋಸೈಟಿಕ್. ಸುತ್ತಲೂ ಪೂರ್ತಿ ಆವರಿಸಿದ್ದರೆ ಪೆರಿಸೈಟಿಕ್. ಸಸ್ಯವಿಜ್ಞಾನಿ ವಾನ್ ಕೋಟೆಮ್ 1970ರಲ್ಲಿ ಮಾಡಿದ ಪತ್ರರಂಧ್ರಗಳ ವಿಂಗಡಣೆಯಲ್ಲಿ ಇವೆರಡೂ ಇವೆ. ಒಂದೇ ಎಲೆಯಲ್ಲಿ ಎರಡು ಮೂರು ಬಗೆ ಬೆರೆತಿರುವುದು ಮಾಮೂಲು, ಹಾಗಾಗಿ ನೂರು ರಂಧ್ರ ಎಣಿಸಿ ಯಾವುದು ಎಷ್ಟು ಎಂದು ಬರೆಯಿರಿ. ಮರದಿಂದ ಹುಲ್ಲಿನಂತೆ ಜೋಲುವ ಹ್ಯಾಪ್ಲೋಪ್ಟೆರಿಸ್ ಜರೀಗಿಡದ ಹೊರಪದರದಲ್ಲಿ ಸೂಜಿಯಂತೆ ಉದ್ದನೆಯ ಸ್ಪಿಕ್ಯೂಲ್ ಕೋಶಗಳು ಸಿಗುತ್ತವೆ. ಹೈಮೆನೋಫಿಲೇಸಿ ಕುಟುಂಬದ ಪೊರೆ ಜರೀಗಿಡಗಳಲ್ಲಿ ಎಲೆಯ ಹಾಳೆ ಹೆಚ್ಚಾಗಿ ಒಂದೇ ಕೋಶದಷ್ಟು ದಪ್ಪ, ಪತ್ರರಂಧ್ರವೇ ಇಲ್ಲ; ಪಾಲಿಶ್ ಬೇಡ, ನೀರಿನಲ್ಲಿಟ್ಟು ನೇರವಾಗಿ ನೋಡಿ.

ಪ್ರಶ್ನೆ: ಒಂದೇ ಜಾತಿಯ ಜರೀಗಿಡದಲ್ಲಿ ನೆರಳಿನದಕ್ಕೂ ಬಿಸಿಲಿನದಕ್ಕೂ ರಂಧ್ರದ ಲೆಕ್ಕ ಬೇರೆ ಬರುತ್ತಿದೆ. ಎಲ್ಲಿ ತಪ್ಪಿದೆ?
– ಶಿಕ್ಷಕರು, ಸಕಲೇಶಪುರ

ಉತ್ತರ: ಎಣಿಕೆ ತಪ್ಪಿಲ್ಲ ಸರ್. ಬೆಳಕು ಬದಲಾದರೆ ಕೋಶಗಳ ಗಾತ್ರ ಬದಲಾಗಿ ಸಾಂದ್ರತೆ (ಚದರ ಮಿ.ಮೀ.ಗೆ ಎಷ್ಟು ರಂಧ್ರ) ಏರುಪೇರಾಗುತ್ತದೆ. ಹೋಲಿಕೆಗೆ ಪತ್ರರಂಧ್ರ ಸೂಚ್ಯಂಕ ಮೇಲು: ರಂಧ್ರಗಳ ಸಂಖ್ಯೆಯನ್ನು ರಂಧ್ರ ಮತ್ತು ಹೊರಪದರ ಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. ಸಾಂದ್ರತೆಯೂ ಬೇಕೆಂದರೆ ಸೂಕ್ಷ್ಮದರ್ಶಕದ ಐಪೀಸಿನ (ಕಣ್ಣಿಡುವ ಮಸೂರದ) ಮೇಲೆ ಬರೆದ ಫೀಲ್ಡ್ ನಂಬರ್ ನೋಡಿ, ಅದನ್ನು ಆಬ್ಜೆಕ್ಟಿವ್‌ನ (ಸ್ಲೈಡಿನ ಬಳಿಯ ಮಸೂರದ) ವರ್ಧನೆಯಿಂದ ಭಾಗಿಸಿ. ಫೀಲ್ಡ್ ನಂಬರ್ 18 ಇದ್ದು ಆಬ್ಜೆಕ್ಟಿವ್ 40 ಪಟ್ಟಿನದಾದರೆ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ., ವಿಸ್ತೀರ್ಣ ಸುಮಾರು 0.16 ಚದರ ಮಿ.ಮೀ. ಅದರೊಳಗೆ 14 ರಂಧ್ರ ಕಂಡರೆ ಚದರ ಮಿ.ಮೀ.ಗೆ ಸುಮಾರು 88.