ಅಜ್ಜನ ಕಾಲದ ಒಂಟಿ ನಳಿಗೆ ಕೋವಿಗೆ ಯಾವ ತೋಟಾ ತರಬೇಕು?

ನೀವು ಕೇಳಿದ್ದು ಇಷ್ಟು: ಕಾರ್ಕಳದ ಹತ್ತಿರ ಅಡಿಕೆ ತೋಟ, ಅಜ್ಜನ ಕಾಲದ 12 ಬೋರಿನ ಒಂಟಿ ನಳಿಗೆ ತೋಟಾ ಕೋವಿ, ಲೈಸೆನ್ಸ್ ಈಗ ನಿಮ್ಮ ಹೆಸರಿಗೆ ಆಗಿದೆ. ಅಂಗಡಿಯಲ್ಲಿ 65 ಎಂಎಂ ಮತ್ತು 70 ಎಂಎಂ ಉದ್ದದ ತೋಟಾ ಎರಡೂ ಇವೆ. 70ರದ್ದು ಹಾಕಿ ನೋಡಿದಿರಿ, ಸಲೀಸಾಗಿ ಕೂತಿತು, ಕೋವಿಯೂ ಮುಚ್ಚಿಕೊಂಡಿತು. ಹಾಗಾದರೆ ಅದನ್ನೇ ತರಬಹುದಲ್ವಾ?

ಬೇಡ ಮಾರಾಯ್ರೆ. ಕೂತಿತು ಅನ್ನುವುದು ಲೆಕ್ಕಕ್ಕೇ ಇಲ್ಲ.

ತೋಟಾದ ಮೇಲೆ ಬರೆದಿರುವುದು ಹಾರಿಸಿದ ನಂತರದ ಉದ್ದ. ಹೊಸ ತೋಟಾದ ಬಾಯಿಯನ್ನು ಒಳಕ್ಕೆ ಮಡಚಿರುತ್ತಾರೆ. ಹಾಗಾಗಿ 70 ಎಂಎಂ ತೋಟಾ ಹಾರಿಸುವ ಮೊದಲು 60 ಎಂಎಂ ಆಸುಪಾಸು ಇರಬಹುದು. 65ರ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿ ತೋಟಾ ಕೂರುವ ಜಾಗದಲ್ಲಿ, ಆರಾಮಾಗಿ ಕೂರುತ್ತದೆ. ಹಾರಿಸಿದಾಗ ಮಡಚಿದ ಬಾಯಿ ಬಿಚ್ಚಿಕೊಳ್ಳಬೇಕು. ಆದರೆ ಅಲ್ಲಿ ಜಾಗ ಇಲ್ಲ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಕಡೆ ಆ ಬಾಯಿ ಹೋಗಿ ಅಡ್ಡವಾಗುತ್ತದೆ. ಚರೆ (ಸಣ್ಣ ಗುಂಡುಗಳು), ವಾಡು (ಮದ್ದಿಗೂ ಚರೆಗೂ ನಡುವಿನ ಬಿರಡೆ) ಎಲ್ಲ ಅದರೊಳಗಿಂದ ನುಗ್ಗಬೇಕು. ಒತ್ತಡ ಏರುತ್ತದೆ. 70ರ ತೋಟಾದಲ್ಲಿ ಮದ್ದು, ಚರೆ ಜಾಸ್ತಿ ಇರುವುದೂ ಉಂಟು. ಒಂದು ಸಲ ಏನೂ ಆಗಲಿಲ್ಲ ಎಂದರೆ ಮುಂದೆಯೂ ಆಗುವುದಿಲ್ಲ ಎಂದಲ್ಲ. ಅದೃಷ್ಟ ಕೆಟ್ಟ ದಿನ ನಳಿಗೆ ಒಡೆಯುವುದು ಎಡಗೈ ಹಿಡಿಯುವ ಜಾಗದ ಹತ್ತಿರವೇ.

ಮೊದಲು ನಳಿಗೆಯ ಅಡಿಭಾಗ ನೋಡಿ. ಇಂಗ್ಲೆಂಡಿನ ಕೋವಿಯಾದರೆ ಅಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. 2½ ಎಂದಿದ್ದರೆ 65 ಎಂಎಂ, 2¾ ಎಂದಿದ್ದರೆ 70. ಈ ಅಂಕಿ ಇಂಚಿನದ್ದು. 1954ರ ನಂತರದ ಕೆಲವು ದಶಕಗಳ ಮುದ್ರೆಯಲ್ಲಿ ಚದರ ಇಂಚಿಗೆ ಎಷ್ಟು ಟನ್ ಒತ್ತಡಕ್ಕೆ ಎಂದೂ ಇರುತ್ತದೆ. ಏನೂ ಕಾಣದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಚೇಂಬರ್ ಅಳೆಸಿ. ಅಲ್ಲಿಯವರೆಗೆ 65 ಕೂಡ ಹಾರಿಸಬೇಡಿ. ನಳಿಗೆಯ ಮೇಲೆ ಮರದ ಗೆರೆಯಂಥ ಸುಳಿ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಕಪ್ಪು ಮದ್ದಿನ ಕಾಲದ್ದು. ನನ್ನ ಮಟ್ಟಿಗೆ ಅದು ಗೋಡೆಗೇ ಸರಿ.

ಇನ್ನು 12ರ ಜೊತೆ 20 ಬೋರಿನ ತೋಟಾ ಒಂದೂ ಮನೆಯಲ್ಲಿ ಇರಬಾರದು. ಬೋರಿನ ಅಂಕಿ ದೊಡ್ಡದಾದಷ್ಟೂ ತೋಟಾ ಸಪೂರ. ಗಡಿಬಿಡಿಯಲ್ಲಿ ಹಾಕಿದರೆ ಅದು ಚೇಂಬರ್ ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಹಾಗೆ ಕಾಣುತ್ತದೆ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ಮುಗಿಯಿತು. ಎಷ್ಟೋ ಕಂಪನಿಗಳು 20 ಬೋರಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಅಮೆರಿಕದ ಒಂದೇ ಗುಂಡಿನ ಬೇಟೆ ಪಿಸ್ತೂಲಿನಲ್ಲಿ .45 ಕೋಲ್ಟ್ (ರಿವಾಲ್ವರ್ ಗುಂಡು) ಮತ್ತು .410 (ಸಪೂರ ಚರೆ ತೋಟಾ) ಎರಡೂ ಹಾಕುತ್ತಾರಲ್ಲ, ಎಂದೂ ಕೇಳಿದ್ದೀರಿ. ಹೌದು, ಥಾಂಪ್ಸನ್ ಸೆಂಟರ್ ಕಂಪನಿಯ ಕಂಟೆಂಡರ್ ಪಿಸ್ತೂಲಿಗೆ ಅಂಥ ನಳಿಗೆ ಬರುತ್ತಿತ್ತು. ಅದನ್ನು ಎರಡಕ್ಕೂ ಅಂತಲೇ ಮಾಡಿದ್ದು, ನಳಿಗೆಯ ಮೇಲೆ ಹಾಗೇ ಕೆತ್ತಿರುತ್ತಾರೆ. ಕೆತ್ತದೇ ಇರುವುದನ್ನು ಅವರೂ ಹಾಕುವುದಿಲ್ಲ.

ಚರೆ ವಿಷಯ. ಲೈಸೆನ್ಸ್ ಬೆಳೆ ರಕ್ಷಣೆಗೆ ಕೊಟ್ಟದ್ದು, ಬೇಟೆಗೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿ ಹೊಡೆದರೆ ಕೇಸೇ. ನಿಮಗೆ ಬೇಕಾದದ್ದು ಪ್ರಾಣಿ ಓಡಿಸುವ ಸದ್ದು ತಾನೇ? ಹಗುರ ಲೋಡಿನ ಸಣ್ಣ ಚರೆ ಸಾಕು, ಎಲ್‌ಜಿ (ದೊಡ್ಡ ಚರೆ), ಒಂಟಿ ಗುಂಡು ಯಾಕೆ ಸುಮ್ನೆ? ನಮ್ಮ ಕಡೆ ಮನೆಗಳು ಗುಡ್ಡದ ಬದಿಗೆ ಅಲ್ಲೊಂದು ಇಲ್ಲೊಂದು ಇರುತ್ತವೆ, ಗುಂಡು ತೋಟ ದಾಟಿ ಎಲ್ಲಿಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಕೊಯ್ಲಿನ ಹೊತ್ತಿನಲ್ಲಂತೂ ಮರದ ಮೇಲೆ ಜನ ಇರುತ್ತಾರೆ.

ಹಾಕುವ ಮುಂಚೆ ಪ್ರತಿ ಸಲ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ. ಮೂಲೆಯಲ್ಲಿಟ್ಟ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಶಬ್ದ ಎಂದಿನಂತೆ ಬರದೆ ಠುಸ್ ಎಂದರೆ ಇನ್ನೊಂದು ಹಾಕಬೇಡಿ. ವಾಡು ಒಳಗೇ ಉಳಿದಿರಬಹುದು.

ಅಜ್ಜನ ಪೆಟ್ಟಿಗೆಯಲ್ಲಿ ಹಳೇ ತೋಟಾ ಇವೆ ಎಂದಿರಲ್ಲ, ಅವನ್ನು ಹಾರಿಸುವುದು ಬೇಡ. ನಮ್ಮ ಮಳೆಗಾಲದ ಥಂಡಿಗೆ ಕಾಗದದ ತೋಟಾ ಉಬ್ಬುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಬಿಚ್ಚಲೂ ಬೇಡಿ, ಒಲೆಗೂ ಹಾಕಬೇಡಿ. ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ವಿಚಾರಿಸಿ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ.