ಮುತ್ತಜ್ಜಿಯ ಆರತಿ ಹಾಡಿನ ಪುಸ್ತಕ ಬರೆದವರು ಯಾರು?

ತುಮಕೂರಿನ ನಿಮ್ಮ ಮುತ್ತಜ್ಜಿಯ ಟ್ರಂಕಿನಲ್ಲಿ ಆರತಿ ಹಾಡಿನ ಪುಸ್ತಕ ಸಿಕ್ಕಿದೆ, ಮುಖಪುಟದಲ್ಲಿ ಗಂಡಸಿನ ಹೆಸರಿದೆ, ಬರೆದವರು ಅವರೇನಾ ಅಂತ ಕೇಳಿದ್ದೀರಿ. ಆ ಹೆಸರು ಬಹುಶಃ ಅಚ್ಚು ಹಾಕಿಸಿದವರದ್ದು, ಹಾಡು ಕಟ್ಟಿದವರದ್ದಲ್ಲ. ಇಂಥ ಹಾಡಿನ ಪುಸ್ತಕಗಳಲ್ಲಿ ಎಷ್ಟೋ ಸಲ ಹೆಣ್ಣುಮಕ್ಕಳ ಹೆಸರು ಒಳಗೇ ಉಳಿದುಬಿಡುತ್ತದೆ.

ಮೊದಲು ಪ್ರತಿ ಹಾಡಿನ ಕೊನೆಯ ನುಡಿ ಓದಿ. ಅಲ್ಲಿ ಸಾಮಾನ್ಯವಾಗಿ ಅಂಕಿತ, ಅಂದರೆ ಹಾಡು ಕಟ್ಟಿದವರು ತಮ್ಮ ಗುರುತಾಗಿ ಸೇರಿಸುವ ದೇವರ ಹೆಸರು, ಇರುತ್ತದೆ. 'ಹೆಳವನಕಟ್ಟೆ ರಂಗ' ಅಂತಿದ್ದರೆ ಅದು ಹರಿದಾಸ ಪರಂಪರೆಯ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮನ ಅಂಕಿತ. ಪರಿಚಯವಿಲ್ಲದ ಅಂಕಿತ ಸಿಕ್ಕರೆ ಮನೆದೇವರ ಹೆಸರಿನ ಜೊತೆ ಹೋಲಿಸಿ ನೋಡಿ. ಅಂಕಿತ ಒಂದರಿಂದಲೇ ಖಚಿತವಾಗಿ ಹೇಳೋಕಾಗಲ್ಲ, ಹಾಡುತ್ತಾ ಹಾಡುತ್ತಾ ಬದಲಾಗಿರಬಹುದು.

ಆಮೇಲೆ 'ಅರಿಕೆ' ಅಥವಾ 'ಬಿನ್ನಹ' ಅನ್ನೋ ಪುಟ ನೋಡಿ. ಹಾಡು ಹೇಳಿಕೊಟ್ಟ ತಾಯಿಯನ್ನೋ ಅತ್ತೆಯನ್ನೋ ನೆನೆಯುವುದು ಅಲ್ಲೇ.

ಕಾಲ ಗೊತ್ತಾಗಬೇಕಾ? ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ ಅದನ್ನೂ ಪುಸ್ತಕದ ಬೆಲೆಯನ್ನೂ ಒಟ್ಟಿಗೆ ನೋಡಿ. 'ಆನಂದ ಸಂವತ್ಸರ' ಅಂತಿದ್ದು ಬೆಲೆ ಆಣೆಯಲ್ಲಿದ್ದರೆ 1914-15 ಇರಬೇಕು. 1974ರಲ್ಲಿ ಮತ್ತೆ ಆನಂದ ಬಂದಾಗ ಆಣೆ ಹೋಗಿ ಪೈಸೆ ಬಂದಿತ್ತು. ಲೇಖಕಿ ನಂಜನಗೂಡು ತಿರುಮಲಾಂಬ ತಾವೇ ಪ್ರಕಾಶಕರಾಗಿ ಪುಸ್ತಕ ತರುತ್ತಿದ್ದದ್ದೂ 1914-15ರ ಆ ಕಾಲದಲ್ಲೇ. ಹಾಗಾಗಿ ಪ್ರಕಾಶಕರ ಜಾಗದಲ್ಲೂ ಹೆಣ್ಣಿನ ಹೆಸರು ಹುಡುಕಿ, ಬಿಡಬೇಡಿ.

ಪುಟ ಪೂರ್ತಿ ಬಿಡಿಸಿ ಒತ್ತಬೇಡಿ, ಪಿನ್ನಿನ ತುಕ್ಕಿಗೆ ಕಾಗದ ಹರಿಯುತ್ತದೆ. ಅರ್ಧ ತೆರೆದು ಮೊಬೈಲಿನಲ್ಲಿ ಫೋಟೊ ತೆಗೆದು, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯದಲ್ಲಿ ತೋರಿಸಿ.