ತಲೆಗೆ ಕಾಯಿಲ್ ಇಟ್ರೆ ಕೈ ಬರುತ್ತಾ?

ಪ್ರಶ್ನೆ: ನಮ್ಮ ಮಾವನಿಗೆ 64 ವರ್ಷ, ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಹೋಗಿತ್ತು. ಈಗ ಕೋಲು ಹಿಡ್ಕೊಂಡು ನಡೀತಾರೆ, ಬಲಗೈ ಬೆರಳು ಮಾತ್ರ ಸ್ವಲ್ಪವೇ ಬಿಚ್ಚುತ್ತೆ, ಊಟ ಎಡಗೈಲಿ ಸ್ಪೂನಲ್ಲಿ. ಒಂದು ಕ್ಲಿನಿಕ್‌ನವ್ರು ಟಿಎಂಎಸ್ ಅಂತ ಪ್ಯಾಕೇಜ್ ಹೇಳಿದಾರೆ, ಆ ದುಡ್ಡು ಹೊಂದಿಸೋಕೆ ಮನೆಗೆ ಬರೋ ಫಿಸಿಯೋನ ನಿಲ್ಲಿಸೋಣ ಅಂತಾರೆ ನಮ್ಮೆಜಮಾನ್ರು. ಅತ್ತೆ ಅದು ತಲೆಗೆ ಶಾಕ್ ಕೊಡೋದು, ಬೇಡವೇ ಬೇಡ ಅಂತ ಹಠ ಹಿಡಿದಿದಾರೆ. ಏನ್ ಮಾಡೋದು?
(ಓದುಗರು, ಹಾಸನ ಜಿಲ್ಲೆ)

ಉತ್ತರ: ಮೊದ್ಲು ಅತ್ತೆಯವ್ರಿಗೆ ಧೈರ್ಯ ಹೇಳಿ ಅಮ್ಮಾ, ಇದು ಶಾಕ್ ಟ್ರೀಟ್ಮೆಂಟ್ ಅಲ್ಲ. ಶಾಕ್ ಅಂದ್ರೆ ಅನಸ್ತೇಶಿಯಾ ಕೊಟ್ಟು ಬೇಕಂತ್ಲೇ ಫಿಟ್ಸ್ ಬರ್ಸೋದು. ಟಿಎಂಎಸ್‌ನಲ್ಲಿ ಪೇಷಂಟ್ ಎಚ್ಚರವಾಗೇ ಕುರ್ಚೀಲಿ ಕೂತಿರ್ತಾರೆ, ಕಿವಿಗೆ ಇಯರ್‌ಪ್ಲಗ್ ಹಾಕಿ, ಇಂಗ್ಲಿಷ್ ಎಂಟರ ಆಕಾರದ ಕಾಯಿಲ್, ಅಂದ್ರೆ ತಂತಿ ಸುರುಳಿ ಒಂದನ್ನ ತಲೆ ಮೇಲೆ ಹಿಡೀತಾರೆ, ಅದು ಟಕ್ ಟಕ್ ಅಂತ ಸದ್ದು ಮಾಡುತ್ತೆ. ಒಳಗೆ ಮ್ಯಾಗ್ನೆಟಿಕ್ ಫೀಲ್ಡ್ ಸರಕ್ಕನೆ ಬದಲಾಗಿ ಮೆದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ, ಕೈ ಆಡಿಸೋ ಜಾಗದ ಮೇಲೆ ಕಾಯಿಲ್ ಸರಿಯಾಗಿ ಕೂತ್ರೆ ಹೆಬ್ಬೆರಳು ತಾನಾಗೇ ಚಿಮ್ಮುತ್ತೆ, ಹತ್ತು ಸಲ ಟಕ್ ಅಂದ್ರೆ ಐದು ಸಲ ಚಿಮ್ಮೋ ಮಟ್ಟ ಎಷ್ಟು ಅಂತ ನೋಡಿ ಆಮೇಲೆ ಡೋಸ್ ಲೆಕ್ಕ ಹಾಕ್ತಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತೆ ಅವರ ಜೊತೆಯವ್ರು 1985ರಲ್ಲೇ ಇದನ್ನ ಮಾಡಿ ತೋರಿಸಿದ್ರು. ಆದ್ರೆ ಒಂದು, ಮಾವನಿಗೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ, ತಲೇಲಿ ಆಪರೇಶನ್ ಮಾಡಿ ಹಾಕಿದ ಲೋಹದ ಕ್ಲಿಪ್ ಇದ್ರೆ, ಪೇಸ್‌ಮೇಕರ್ ಇದ್ರೆ ಅದನ್ನ ಮುಚ್ಚಿಡದೆ ಮೊದ್ಲೇ ಹೇಳ್ಲೇಬೇಕು.

ಇನ್ನು ಕೈ ಬರುತ್ತಾ ಅನ್ನೋದು. ಇದರ ಹಿಂದಿರೋ ಲೆಕ್ಕಾಚಾರ ಏನಂದ್ರೆ, ಮೆದುಳಿನ ಎರಡು ಭಾಗ ಒಂದನ್ನೊಂದು ಹದ್ದುಬಸ್ತಿನಲ್ಲಿ ಇಟ್ಟಿರ್ತಾವೆ, ಒಂದು ಕಡೆ ಸ್ಟ್ರೋಕ್ ಆದ್ರೆ ಚೆನ್ನಾಗಿರೋ ಕಡೆ ಅದನ್ನ ಇನ್ನೂ ಜಾಸ್ತಿ ಅದುಮುತ್ತೆ, ಹಾಗಾಗಿ ಚೆನ್ನಾಗಿರೋ ಕಡೆಗೆ ನಿಧಾನವಾದ ಟಿಎಂಎಸ್ ಕೊಟ್ಟು ತಣ್ಣಗೆ ಮಾಡಿದ್ರೆ ಪೆಟ್ಟಾದ ಕಡೆಗೆ ಉಸಿರಾಡೋಕೆ ಜಾಗ ಸಿಗುತ್ತೆ ಅಂತ. ಎಲ್ಲರ ಮೆದುಳಿನಲ್ಲೂ ಹೀಗೇ ಆಗಲ್ಲ. ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಕೊಟ್ರೆ ಕೈಗೆ ಪ್ರಯೋಜನ ಇದೆ ಅಂತ 2020ರ ಯುರೋಪಿನ ತಜ್ಞರ ಗೈಡ್‌ಲೈನ್ ಹೇಳುತ್ತೆ. ಆದ್ರೆ ಅಮೆರಿಕದಲ್ಲಿ ಸ್ಟ್ರೋಕ್ ಆಗಿ 3ರಿಂದ 12 ತಿಂಗಳಾದ 199 ಜನರ ಮೇಲೆ ದೊಡ್ಡ ಟ್ರಯಲ್ ಒಂದಾಯ್ತು, 2018ರಲ್ಲಿ ಬಂತು. ಅರ್ಧ ಭಾಗದವರಿಗಿಂತ ಜಾಸ್ತಿ ಜನಕ್ಕೆ ನಿಜವಾದ ಟಿಎಂಎಸ್, ಉಳಿದವ್ರಿಗೆ ಸುಮ್ನೆ ತೋರಿಕೆಯದ್ದು, ಇಬ್ರಿಗೂ ಪ್ರತಿ ಸಲ ಅದರ ಬೆನ್ನಿಗೇ ಒಂದು ಗಂಟೆ ಕೈ ಥೆರಪಿ. ಆರು ತಿಂಗಳಾದ್ಮೇಲೆ ನೋಡಿದ್ರೆ ನಿಜವಾದ್ದು ಸಿಕ್ಕವ್ರಲ್ಲಿ 67% ಜನ ಸುಧಾರಿಸಿದ್ರು, ತೋರಿಕೆಯದ್ದು ಸಿಕ್ಕವ್ರಲ್ಲಿ 65%. ಅಂದ್ರೆ ವ್ಯತ್ಯಾಸವೇ ಇಲ್ಲ, ಇಬ್ರಿಗೂ ಸಮಾನವಾಗಿ ಸಿಕ್ಕಿದ್ದು ಕೈ ಥೆರಪಿ. ನಿಮ್ಮ ಮಾವ ಹೆಚ್ಚುಕಮ್ಮಿ ಇದೇ ಗುಂಪಿಗೆ ಸೇರ್ತಾರೆ.

ಹಾಗಾಗಿ ಫಿಸಿಯೋನ ನಿಲ್ಲಿಸಿ ಟಿಎಂಎಸ್ ಮಾಡ್ಸೋದು ದಯವಿಟ್ಟು ಬೇಡ. ಎರಡೂ ಮಾಡ್ಸೋ ಶಕ್ತಿ ಇದ್ರೆ ಕ್ಲಿನಿಕ್‌ನವ್ರನ್ನ ಕೇಳಿ, ಕಾಯಿಲ್ ಇಟ್ಟ ತಕ್ಷಣ ಕೈ ಎಕ್ಸರ್‌ಸೈಜ್ ಮಾಡಿಸ್ತೀರಾ, ಶುರು ಮಾಡೋಕೆ ಮುಂಚೆ ಕೈಗೆ ಫುಗಲ್ ಮೇಯರ್ ಸ್ಕೋರ್ ತೆಗೆದು ಮುಗಿದ್ಮೇಲೆ ಮತ್ತೆ ತೆಗೀತೀರಾ ಅಂತ. ಕೈಗೆ ಅದು 66 ಅಂಕದ ಪರೀಕ್ಷೆ, ಯಾವ ನ್ಯೂರೋ ಫಿಸಿಯೋಗಾದ್ರೂ ಗೊತ್ತಿರುತ್ತೆ. ಬಂದು ಕೂತು ಹೋದ್ರೆ ಸಾಕು ಅಂದ್ರೆ ಅಲ್ಲಿ ದುಡ್ಡು ಕಟ್ಟಬೇಡಿ.

ಬೆರಳು ಸ್ವಲ್ಪ ಬಿಚ್ಚುತ್ತೆ ಅಂದ್ರಲ್ಲ, ಅದು ತುಂಬಾ ಒಳ್ಳೇ ಸುದ್ದಿ. ಚೆನ್ನಾಗಿರೋ ಕೈಗೆ ದಪ್ಪ ಗ್ಲೌಸ್ ಹಾಕಿ ಬಿದ್ದ ಕೈಲೇ ಕೆಲ್ಸ ಮಾಡ್ಸೋ ಪದ್ಧತಿ ಒಂದಿದೆ, ಅಮೆರಿಕದಲ್ಲಿ 222 ಜನರ ಮೇಲೆ ಎರಡು ವಾರ ಮಾಡ್ಸಿದಾಗ ಅದರ ಫಲ ಒಂದು ವರ್ಷ ಆದ್ಮೇಲೂ ಉಳಿದಿತ್ತು, 2006ರಲ್ಲಿ ಅದು ಪ್ರಕಟವಾಯ್ತು. ನಿಮ್ಮ ಫಿಸಿಯೋ ಹತ್ರ ಇದರ ಬಗ್ಗೆ ಕೇಳಿ. ಮಾವ ಎಡಗೈಲಿ ಕೋಲು ಹಿಡೀತಾರೆ ಅಲ್ವಾ, ನಡೆಯುವಾಗ ಗ್ಲೌಸ್ ಹಾಕ್ಲೇಬೇಡಿ, ಬಿದ್ರೆ ಸೊಂಟದ ಮೂಳೆ ಮುರಿಯುತ್ತೆ, ಕೂತಾಗ ಮಾತ್ರ ಹಾಕಿ. ತಟ್ಟೆ ಮುಂದೆ ಕೂರಿಸಿ ಬಲಗೈಲಿ ಮುದ್ದೆ ಮುರಿಯೋದು, ಅನ್ನ ಕಲಸೋದು, ಚೊಂಬು ಬಗ್ಗಿಸಿ ಲೋಟಕ್ಕೆ ನೀರು ಬಿಡೋದು, ಇಂಥವನ್ನೇ ದಿನಾ ಮಾಡ್ಸಿ, ಚೆಲ್ಲಿದ್ರೆ ಚೆಲ್ಲಲಿ, ಯಾರೂ ಬೈಬೇಡಿ. ಇನ್ನೊಂದು ಮಾತು, ಅವ್ರು ಎಕ್ಸರ್‌ಸೈಜ್ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ರೆ ಅದನ್ನ ಸೋಮಾರಿತನ ಅನ್ಕೋಬೇಡಿ, ಸ್ಟ್ರೋಕ್ ಆದವ್ರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತೆ, ಅದಕ್ಕೆ ಔಷಧಿ ಇದೆ, ಡಾಕ್ಟ್ರಿಗೆ ತೋರ್ಸಿ.

ಪ್ರಶ್ನೆ: ನಾನು ರಿಟೈರ್ಡ್ ಮಾಸ್ತರ ರೀ, 71 ವರ್ಷ. ಹಾರ್ಮೋನಿಯಂ ಕಲ್ಯಾಕ್ ಹತ್ತೀನಿ, ಆದ್ರ ಬೆರಳು ಮಾತ್ ಕೇಳಂಗಿಲ್ಲ. ತಲಿಗಿ ಹಾಕ್ಕೊಳ್ಳೋ ಹೆಡ್‌ಸೆಟ್ ಆನ್‌ಲೈನ್ ಸಿಗತೈತಿ, ಹಾಕ್ಕೊಂಡ್ರ ಲಗೂನ ಬರತೈತಿ ಅಂತಾರ, ಖರೇ ಏನ್ರಿ?
(ಓದುಗರು, ಧಾರವಾಡ)

ಉತ್ತರ: ಮಾಸ್ತರೇ, ಈ ವಯಸ್ಸಲ್ಲಿ ಹಾರ್ಮೋನಿಯಂ ಹಿಡಿದಿದೀರಲ್ಲ, ತುಂಬಾ ಖುಷಿ ಆಯ್ತು. ನೀವು ಕೇಳಿರೋದು ಟಿಡಿಸಿಎಸ್ ಅನ್ನೋದು, ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಾಂಜ್ ತಲೆಗೆ ಕಟ್ಟಿ 1ರಿಂದ 2 ಮಿಲಿಆಂಪ್ ಕರೆಂಟ್ ಇಪ್ಪತ್ತು ನಿಮಿಷ ಬಿಡ್ತಾರೆ. ಇದು ಬೆರಳನ್ನ ಚಿಮ್ಮಿಸಲ್ಲ, ನರಕೋಶ ಸ್ವಲ್ಪ ಬೇಗ ಸ್ಪಂದಿಸೋ ಹಾಗೆ ಮಾಡುತ್ತೆ ಅಷ್ಟೇ, ಕಲಿಯೋ ಕೆಲ್ಸ ಬೆರಳೇ ಮಾಡ್ಬೇಕು. ಅಮೆರಿಕದಲ್ಲಿ 2009ರಲ್ಲಿ ಹರೆಯದವ್ರಿಗೆ ಐದು ದಿನ ಅಭ್ಯಾಸದ ಜೊತೆ ಇದನ್ನ ಕೊಟ್ಟಾಗ ಕಲಿಕೆ ಜಾಸ್ತಿ ಆಯ್ತು, ವಿಶೇಷ ಅಂದ್ರೆ ಆ ಲಾಭ ಬಂದದ್ದು ಅಭ್ಯಾಸ ಮಾಡೋ ಹೊತ್ತಲ್ಲಿ ಅಲ್ಲ, ಇವತ್ತಿನ ಪಾಠಕ್ಕೂ ನಾಳೆಯ ಪಾಠಕ್ಕೂ ನಡುವೆ. ಜರ್ಮನಿಯಲ್ಲಿ 2013ರಲ್ಲಿ ವಯಸ್ಸಾದವ್ರಿಗೆ ಬೆರಳಿನ ಕ್ರಮ ಕಲಿಸುವಾಗ ಕೊಟ್ಟು ನೋಡಿದ್ರು, ಅಲ್ಲೂ ಮರುದಿನದವರೆಗೆ ಲಾಭ ಉಳೀತು. ಆದ್ರೆ ಇವೆಲ್ಲ ಲ್ಯಾಬಿನಲ್ಲಿ, ಸ್ಪಾಂಜ್ ಎಲ್ಲಿ ಇಡ್ಬೇಕು ಅಂತ ಅಳತೆ ಮಾಡಿ, ಕೆಲವೇ ಜನರ ಮೇಲೆ ಮಾಡಿದ್ದು, ಒಬ್ಬೊಬ್ಬರಿಗೆ ಒಂದೊಂಥರ. ಕರೆಂಟಿನ ಹೆಚ್ಚು ಪಾಲು ಚರ್ಮದಲ್ಲೇ ಹರಿದು ಹೋಗುತ್ತೆ. ಆನ್‌ಲೈನ್ ಹೆಡ್‌ಸೆಟ್‌ಗೆ ದುಡ್ಡು ಹಾಕ್ಬೇಡಿ ಅಂತ್ಲೇ ನನ್ನ ಸಲಹೆ. ಅಲಂಕಾರನ, ಅಂದ್ರೆ ಸ್ವರ ಅಭ್ಯಾಸದ ಪಾಠನ, ನಾಲ್ಕು ನಾಲ್ಕು ಸ್ವರದ ತುಂಡು ಮಾಡ್ಕೊಳ್ಳಿ, ಮೊದ್ಲು ಬೆರಳು ತಪ್ಪದೇ ಇರೋದು ಮುಖ್ಯ, ವೇಗ ಆಮೇಲೆ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ನುಡಿಸಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಸ್ಟೂಡೆಂಟ್. 9 ವೋಲ್ಟ್ ಬ್ಯಾಟರೀಲಿ ಟಿಡಿಸಿಎಸ್ ಸರ್ಕ್ಯೂಟ್ ಮಾಡೋ ವಿಡಿಯೋ ನೋಡ್ದೆ. ಅಜ್ಜಿಗೆ ಸ್ಟ್ರೋಕ್ ಆಗಿ ಮೂರು ವರ್ಷ, ಮನೇಲೇ ಟ್ರೈ ಮಾಡ್ಲಾ? ಅಥ್ವಾ ಇನ್ನು ಲೇಟ್ ಆಯ್ತಾ?
(ಓದುಗರು, ಮೈಸೂರು)

ಉತ್ತರ: ಮಾಡ್ಬೇಡಪ್ಪ. ಸ್ಪಾಂಜ್ ಒಣಗಿದ್ರೆ ಕರೆಂಟ್ ಒಂದೇ ಜಾಗದಲ್ಲಿ ಹರಿದು ಚರ್ಮ ಸುಡುತ್ತೆ, ಪ್ಲಸ್ ಮೈನಸ್ ಅದಲುಬದಲಾದ್ರೆ ಪರಿಣಾಮವೂ ಬೇರೆ ಆಗ್ಬಹುದು, ಸ್ಟ್ರೋಕ್ ಆದ ಮೆದುಳಿಗೆ ಫಿಟ್ಸ್ ಬರೋ ಸಾಧ್ಯತೆ ಮೊದ್ಲೇ ಜಾಸ್ತಿ ಇರುತ್ತೆ. ಲೇಟಂತೂ ಆಗಿಲ್ಲ. 2005ರಲ್ಲೇ ಹಳೇ ಸ್ಟ್ರೋಕ್‌ನ 6 ಜನಕ್ಕೆ ಟಿಡಿಸಿಎಸ್ ಕೊಟ್ಟು ಕಾರ್ಡ್ ಮಗುಚೋದು, ಸಣ್ಣ ಸಾಮಾನು ಎತ್ತೋದು, ಸ್ಪೂನಲ್ಲಿ ಕಾಳು ಎತ್ತೋದು ಇಂಥ ಕೆಲ್ಸಗಳ ಟೈಮ್ ನೋಡಿದಾಗ ಕೈ ಸ್ವಲ್ಪ ಚುರುಕಾಗಿತ್ತು, ಅಂದ್ರೆ ವರ್ಷಗಳಾದ ಮೇಲೂ ಮೆದುಳು ಬದಲಾಗುತ್ತೆ, ಆದ್ರೆ 6 ಜನರ ಫಲ ನೋಡಿ ಅಜ್ಜಿ ತಲೆಗೆ ವೈರ್ ಕಟ್ಟೋಕಾಗಲ್ಲ. ನಿನಗೆ ಸರ್ಕ್ಯೂಟ್ ಬರುತ್ತಲ್ಲ, ಒತ್ತಿದ್ರೆ ಲೈಟ್ ಹತ್ತೋ ದೊಡ್ಡ ಬಟನ್ ನಾಲ್ಕು ಮಾಡಿ ಒಂದು ಹಲಗೆಗೆ ಕೂರಿಸು, ಲೈಟ್ ಹತ್ತಿದ ಬಟನ್‌ನ ಅಜ್ಜಿ ಬಿದ್ದ ಕೈಲಿ ಒತ್ಬೇಕು, ಎಷ್ಟು ಸಲ ಒತ್ತಿದ್ರು ಅಂತ ಕೌಂಟರ್ ಎಣಿಸ್ಲಿ. ಸುಲಭ ಆಗ್ತಾ ಬಂದ ಹಾಗೆ ಬಟನ್‌ಗಳನ್ನ ದೂರ ದೂರ ಇಡು, ದಿನದ ಲೆಕ್ಕ ಬರೆದಿಡು. ಭುಜ ನೋಯ್ತಿದೆ ಅಂದ್ರೆ ಅವತ್ತು ಅಲ್ಲಿಗೇ ನಿಲ್ಸು, ಆ ಲೆಕ್ಕದ ಪುಸ್ತಕ ತಗೊಂಡು ಅಜ್ಜೀನ ಒಂದ್ಸಲ ಫಿಸಿಯೋಗೆ ತೋರ್ಸು.